ಬಹುಮಾನ ಕೊಟ್ಟವರ ಜೊತೆ ಪಂದ್ಯ ಆಡಿದವರ ಹೆಸರೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಮೈಸೂರು ಆವೃತ್ತಿಯ ಕ್ರೀಡಾಪುಟದ ಕೆಳ ಅಂಚಿನಲ್ಲಿ, ಅಂತರ ಕಾಲೇಜು ಮಹಿಳಾ ಸಾಫ್ಟ್‌ಬಾಲ್ ಟೂರ್ನಿಯ ಫೈನಲ್ ಕುರಿತ ಮೂರು ಸಾಲಿನ ಸುದ್ದಿಯನ್ನು ಓದಿದೆ. ಯಾವ ಕಾಲೇಜು ಯಾವ ಕಾಲೇಜನ್ನು ಎಷ್ಟು ರನ್‌ಗಳಿಂದ ಸೋಲಿಸಿತು ಎಂಬುದಷ್ಟೇ ಅದರಲ್ಲಿತ್ತು. ಜೊತೆಗಿದ್ದ ಚಿತ್ರದ ಕೆಳಗೆ ಬಹುಮಾನ ವಿತರಿಸಿದ ಅತಿಥಿಗಳು, ಪ್ರಾಂಶುಪಾಲರು ಹಾಗೂ ಸಂಘಟಕರ ಹೆಸರುಗಳು ಪದನಾಮ ಸಮೇತ ಎಡದಿಂದ ಬಲಕ್ಕೆ ಮುದ್ರಿತವಾಗಿದ್ದವು. ಹಿಂದಿನ ಸಾಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ ಹುಡುಗಿಯರಲ್ಲಿ ಒಬ್ಬಳ ಹೆಸರೂ ಇರಲಿಲ್ಲ. ಇಬ್ಬರ ಮುಖ ಅತಿಥಿಗಳ ಪೇಟದ ಹಿಂದೆ ಪೂರ್ತಿಯಾಗಿ ಮರೆಯಾಗಿತ್ತು. ಇದು ನಿಮ್ಮೊಂದು ಪತ್ರಿಕೆಯ ರೂಢಿಯಲ್ಲ, ಬಹುತೇಕ ಎಲ್ಲ ಪತ್ರಿಕೆಗಳ ರೂಢಿ. ಆದರೆ ನಾನು ದಿನವೂ ಓದುವ ಪತ್ರಿಕೆ ನಿಮ್ಮದಾದ್ದರಿಂದ ಈ ಮಾತನ್ನು ನಿಮಗೇ ಬರೆಯುತ್ತಿದ್ದೇನೆ.

ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ದುಡಿದು ನಿವೃತ್ತಳಾದ ಮೇಲೆ ಮೈಸೂರಿನಲ್ಲಿ ನೆಲೆಸಿದ್ದೇನೆ. ಸಾಫ್ಟ್‌ಬಾಲ್ ಟೂರ್ನಿಗಳಿಗೆ ಯಾರಾದರೂ ಕರೆದರೆ ಹೋಗಿ ಸ್ಕೋರರ್ ಮೇಜಿನಲ್ಲಿ ಕೂರುತ್ತೇನೆ. ಆ ಫೈನಲ್‌ನ ಸ್ಕೋರ್ ಬರೆದವಳೂ ನಾನೇ. ಆದ್ದರಿಂದ ನಿಮ್ಮ ಮೂರು ಸಾಲುಗಳಲ್ಲಿ ಏನೇನು ಬಿಟ್ಟುಹೋಗಿದೆ ಎಂಬುದನ್ನು ಹೇಳಲು ನನಗೆ ಸ್ವಲ್ಪ ಅಧಿಕಾರವಿದೆಯೆಂದು ಭಾವಿಸುತ್ತೇನೆ.

ಪಂದ್ಯ ಏಳನೆಯ, ಅಂದರೆ ಕೊನೆಯ ಇನ್ನಿಂಗ್ಸ್‌ಗೆ ಬಂದಿತ್ತು. 2–1ರಿಂದ ಮುಂದಿದ್ದ ತಂಡ ಫೀಲ್ಡಿಂಗ್ ಮಾಡುತ್ತಿತ್ತು. ಎದುರಾಳಿಗಳಲ್ಲಿ ಇಬ್ಬರು ಔಟಾಗಿದ್ದರೂ ಒಬ್ಬಳು ಮೂರನೆಯ ಬೇಸ್ ಮುಟ್ಟಿ, ಒಂದೇ ಒಂದು ಅವಕಾಶ ಸಿಕ್ಕರೆ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ಗೆ ನುಗ್ಗಿ ಸ್ಕೋರನ್ನು ಸಮ ಮಾಡಲು ಕಾದು ನಿಂತಿದ್ದಳು. ಬ್ಯಾಟರ್‌ಗೆ ಆಗಲೇ ಎರಡು ಸ್ಟ್ರೈಕ್ (ಅವಳಿಗೆ ವಿರುದ್ಧವಾಗಿ ಎಣಿಸುವ ಎಸೆತ, ಮೂರಾದರೆ ಸಾಮಾನ್ಯವಾಗಿ ಔಟ್) ಆಗಿದ್ದವು. ಚೆಂಡು ಎಸೆಯುವವಳು, ಅಂದರೆ ಪಿಚರ್, ಎಸೆದ ಡ್ರಾಪ್ ಬಾಲ್ ಪ್ಲೇಟಿನ ಹತ್ತಿರ ಬಂದು ಒಮ್ಮೆಲೇ ಕುಸಿಯಿತು. ಬ್ಯಾಟರ್ ಬೀಸಿದ ಬ್ಯಾಟಿಗೆ ಚೆಂಡು ಸಿಗಲಿಲ್ಲ. ಮೂರನೆಯ ಸ್ಟ್ರೈಕ್, ಪಂದ್ಯ ಮುಗಿಯಿತೆಂದು ಗೆಲ್ಲುವ ತಂಡದ ಬೆಂಬಲಿಗರು ಶಾಮಿಯಾನದಿಂದ ಎದ್ದು ಕುಣಿಯತೊಡಗಿದರು. ಆದರೆ ಚೆಂಡು ಬ್ಯಾಟರ್‌ಳ ಹಿಂದೆ ಕೂರುವ ಕ್ಯಾಚರ್‌ಳ ಕೈಗವಸಿಗೆ ಸೇರುವ ಮುನ್ನ ನೆಲ ಮುಟ್ಟಿತ್ತು. ಇಬ್ಬರು ಔಟಾಗಿರುವಾಗ ಮೂರನೆಯ ಸ್ಟ್ರೈಕ್‌ನ ಚೆಂಡನ್ನು ಕ್ಯಾಚರ್ ನೆಲ ಮುಟ್ಟದಂತೆ ಹಿಡಿಯದೆ ಹೋದರೆ ಬ್ಯಾಟರ್ ಮೊದಲನೆಯ ಬೇಸ್‌ಗೆ ಓಡಬಹುದು. ಅವಳನ್ನು ಚೆಂಡಿನಿಂದ ಮುಟ್ಟಿದರೆ ಅಥವಾ ಅವಳಿಗಿಂತ ಮುಂಚೆ ಚೆಂಡು ಬೇಸ್ ಸೇರಿದರೆ ಮಾತ್ರ ಅವಳು ಔಟ್. ಬ್ಯಾಟರ್‌ಗೆ ಈ ನಿಯಮ ಗೊತ್ತಿತ್ತು, ಓಡಿದಳು. ಮೂರನೆಯ ಬೇಸ್‌ನಲ್ಲಿದ್ದವಳೂ ಹೋಮ್ ಪ್ಲೇಟ್ ಕಡೆಗೆ ಧಾವಿಸಿದಳು. "ಔಟಾದೋಳು ಯಾಕೆ ಓಡ್ತಾ ಇದಾಳೆ?" ಎಂದು ನನ್ನ ಹಿಂದೆ ಯಾರೋ ಕೇಳಿದ್ದು ಈಗಲೂ ಕಿವಿಯಲ್ಲಿದೆ. ಕ್ಯಾಚರ್ ಮೊಣಕಾಲೂರಿ, ಚೆಂಡು ಹಿಂದಕ್ಕೆ ಹೋಗದಂತೆ ಎದೆಯಿಂದ ತಡೆದಿದ್ದಳು. ಎದೆಗಾಪಿಗೆ ಬಡಿದು ಎರಡು ಹೆಜ್ಜೆ ಮುಂದೆ ಉರುಳಿದ ಚೆಂಡನ್ನು ಬರಿಗೈಯಲ್ಲಿ ಬಾಚಿಕೊಂಡು, ತನ್ನತ್ತ ನುಗ್ಗಿ ಬರುತ್ತಿದ್ದವಳ ಕಡೆ ಕಣ್ಣೆತ್ತಿಯೂ ನೋಡದೆ, ಓಡುತ್ತಿದ್ದ ಬ್ಯಾಟರ್‌ಳ ಹೆಗಲ ಪಕ್ಕದಿಂದ ಮೊದಲನೆಯ ಬೇಸ್‌ಗೆ ಎಸೆದಳು. ಅಲ್ಲಿದ್ದವಳು ಬೇಸ್ ಮೇಲೆ ಒಂದು ಕಾಲಿಟ್ಟು ಮೈಯನ್ನು ಪೂರ್ತಿ ಚಾಚಿ ಚೆಂಡನ್ನು ಹಿಡಿದಳು. ಅಂಪೈರ್ ಮುಷ್ಟಿ ಎತ್ತಿದರು: ಮೂರನೆಯ ಔಟ್, ಪಂದ್ಯ ಮುಗಿಯಿತು.

ನನ್ನ ಸ್ಕೋರ್ ಪುಸ್ತಕದಲ್ಲಿ ಇದಿಷ್ಟೂ ಸೇರಿ, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಂದಾದ ಔಟ್) ಸೂಚಿಸುವ ಒಂದು 'ಕೆ', ಅದರ ಪಕ್ಕ '2–3' ಎಂಬ ಗುರುತು ಆಗುತ್ತದೆ. ಈ ಆಟದಲ್ಲಿ ಪ್ರತಿ ಜಾಗಕ್ಕೂ ಒಂದು ಸಂಖ್ಯೆ ಇದೆ: ಪಿಚರ್ ಒಂದು, ಕ್ಯಾಚರ್ ಎರಡು, ಮೊದಲನೆಯ ಬೇಸ್ ಮೂರು, ಹೀಗೆ ಬಲ ಔಟ್‌ಫೀಲ್ಡಿನ ಒಂಬತ್ತರವರೆಗೆ. ಕ್ಯಾಚರ್ ಎಸೆದ ಚೆಂಡಿನಿಂದ ಮೊದಲನೆಯ ಬೇಸ್‌ನಲ್ಲಿ ಔಟಾಯಿತೆಂಬುದನ್ನು ಆ ಗುರುತು ನೋಡಿ ಯಾರು ಬೇಕಾದರೂ ಮುಂದೆ ಯಾವಾಗಲಾದರೂ ಓದಿಕೊಳ್ಳಬಹುದು. ಒಂದು ಫೈನಲ್ ಪಂದ್ಯವನ್ನು ಆ ಕ್ಷಣದಲ್ಲಿ ಉಳಿಸಿಕೊಟ್ಟ ಆ ಇಬ್ಬರು ಯಾರು ಎಂಬುದು ನಿಮ್ಮ ಓದುಗರಿಗೆ ತಿಳಿಯಲಿಲ್ಲ ಎಂಬುದೇ ನನ್ನ ಕೊರಗು.

ಸಾಫ್ಟ್‌ಬಾಲ್ ಎಂದರೆ ಹೆಣ್ಣುಮಕ್ಕಳಿಗಾಗಿ ಸುಲಭ ಮಾಡಿದ ಕ್ರಿಕೆಟ್ ಎಂಬ ಭಾವನೆ ನಮ್ಮಲ್ಲಿ ಬಹಳ ಜನರಿಗಿದೆ. ಸುದ್ದಿಗೆ ಮೂರು ಸಾಲು ಸಾಕೆಂಬ ತೀರ್ಮಾನದ ಹಿಂದೆಯೂ ಅದೇ ಭಾವನೆ ಇರಬಹುದು. ಹಾಗಾಗಿ ಈ ಆಟ ಆಡುವವರು ಏನು ಮಾಡುತ್ತಾರೆ ಎಂಬುದನ್ನು ಸ್ವಲ್ಪ ವಿವರಿಸಲು ಅನುಮತಿ ಕೊಡಿ. ಕ್ರಿಕೆಟ್ ಪಿಚ್‌ನ ಉದ್ದ 66 ಅಡಿ. ಮಹಿಳೆಯರ ಫಾಸ್ಟ್‌ಪಿಚ್‌ನಲ್ಲಿ, ಅಂದರೆ ವೇಗದ ಎಸೆತದ ಸಾಫ್ಟ್‌ಬಾಲ್‌ನಲ್ಲಿ, ಪಿಚರ್ ನಿಲ್ಲುವ ಪಟ್ಟಿಗೂ ಹೋಮ್ ಪ್ಲೇಟಿಗೂ ನಡುವೆ ಇರುವುದು 43 ಅಡಿ ಮಾತ್ರ. ಎಸೆಯುವಾಗ ಪಿಚರ್ ಮುಂದಕ್ಕೆ ಹಾಕುವ ದೊಡ್ಡ ಹೆಜ್ಜೆಯಿಂದ ಅದೂ ಇನ್ನಷ್ಟು ಕಿರಿದಾಗುತ್ತದೆ. ಚೆಂಡಿನ ಸುತ್ತಳತೆ 12 ಇಂಚು, ತೂಕ ಸುಮಾರು 180ರಿಂದ 198 ಗ್ರಾಂ, ಅಂದರೆ ಮಹಿಳಾ ಕ್ರಿಕೆಟ್‌ನ ಚೆಂಡಿಗಿಂತ ದೊಡ್ಡದು, ಭಾರವೂ ಹೆಚ್ಚು. ಗಂಟೆಗೆ 100 ಕಿಲೋಮೀಟರ್ ವೇಗದ ಎಸೆತವೊಂದು ಈ ದೂರವನ್ನು ದಾಟಲು ಅರ್ಧ ಸೆಕೆಂಡೂ ಬೇಕಿಲ್ಲ. ಅಷ್ಟರೊಳಗೆ ಬ್ಯಾಟರ್ ಚೆಂಡನ್ನು ಗುರುತಿಸಿ, ಬೀಸಬೇಕೋ ಬಿಡಬೇಕೋ ನಿರ್ಧರಿಸಿ, ಬ್ಯಾಟನ್ನು ಚೆಂಡಿನ ದಾರಿಗೆ ತಂದಿರಬೇಕು. ಅಮೆರಿಕದ ಮೋನಿಕಾ ಅಬ್ಬೋಟ್ 2012ರಲ್ಲಿ ಗಂಟೆಗೆ 77 ಮೈಲಿ, ಎಂದರೆ ಸುಮಾರು 124 ಕಿಲೋಮೀಟರ್ ವೇಗದಲ್ಲಿ ಎಸೆದು ಗಿನ್ನೆಸ್ ದಾಖಲೆ ಮಾಡಿದರು. ನಮ್ಮ ಕಾಲೇಜು ಹುಡುಗಿಯರು ಆ ವೇಗದ ಹತ್ತಿರಕ್ಕೂ ಹೋಗುವುದಿಲ್ಲ, ನಿಜ. ಆದರೆ ಎಸೆಯುವ ವಿಧಾನ ಅದೇ, ಎದುರಿಸುವ ಕಷ್ಟದ ಜಾತಿಯೂ ಅದೇ.

ಪಿಚರ್ ಕೈಯನ್ನು ಗಾಳಿಯಂತ್ರದ ರೆಕ್ಕೆಯ ಹಾಗೆ ಒಂದು ಪೂರ್ಣ ಸುತ್ತು ತಿರುಗಿಸಿ, ತೊಡೆಯ ಪಕ್ಕದಿಂದ ಚೆಂಡನ್ನು ಬಿಡುತ್ತಾಳೆ. ಬಿಡುವ ಗಳಿಗೆಯಲ್ಲಿ ಮುಂಗೈ ಸೊಂಟದ ಪಕ್ಕಕ್ಕೆ ಉಜ್ಜುತ್ತದೆ. ನಿತ್ಯ ಅಭ್ಯಾಸ ಮಾಡುವವರ ಮುಂಗೈ ಒಳಭಾಗದಲ್ಲಿ ಕೆಂಪಾಗಿ, ಆಮೇಲೆ ನೀಲಿಯಾಗಿ ಕಂದಿದ ಗುರುತು ಇದ್ದೇ ಇರುತ್ತದೆ. ಎಳೆದುಕೊಂಡು ಬರುವ ಹಿಂಗಾಲಿನ ಬೂಟಿನ ತುದಿ ಕೆಲವೇ ತಿಂಗಳಲ್ಲಿ ಸವೆದು ತೂತು ಬೀಳುತ್ತದೆ. ಈ ಫೈನಲ್ ಆಡಿದ ಹುಡುಗಿಯ ಬಲಗಾಲಿನ ಬೂಟಿನ ತುದಿಗೆ ಚಪ್ಪಲಿ ಹೊಲಿಯುವವರಿಂದ ಟೈರಿನ ತುಂಡೊಂದನ್ನು ಹೊಲಿಸಿದ್ದನ್ನು ಕಂಡೆ. ಹೊಲಿಗೆಯ ಮೇಲೆ ಬೆರಳುಗಳನ್ನು ಇಡುವ ರೀತಿಯಿಂದ, ಮಣಿಕಟ್ಟನ್ನು ತಿರುಗಿಸುವ ರೀತಿಯಿಂದ ಒಂದೇ ಕೈಬೀಸಿನಲ್ಲಿ ಬೇರೆ ಬೇರೆ ಚೆಂಡುಗಳು ಹೊರಡುತ್ತವೆ: ಕುಸಿಯುವ ಡ್ರಾಪ್, ಬ್ಯಾಟಿನ ಮೇಲಕ್ಕೆ ಏರಿದಂತೆ ಕಾಣುವ ರೈಸ್, ಅದೇ ಬೀಸಿನಲ್ಲಿ ನಿಧಾನವಾಗಿ ಬಂದು ಬ್ಯಾಟರ್‌ಳನ್ನು ಮುಂಚಿತವಾಗಿಯೇ ಬೀಸುವಂತೆ ಮಾಡುವ ಚೇಂಜ್ ಅಪ್. ಇದನ್ನು ಕಲಿಯಲು ವರ್ಷಗಳೇ ಬೇಕು. ಮಂಡ್ಯದಲ್ಲಿ ನಾನು ಕಲಿಸುತ್ತಿದ್ದ ಕಾಲದಲ್ಲಿ, ಶಾಲೆಯ ಹಿಂದಿನ ಗೋಡೆಗೆ ಸುಣ್ಣದಲ್ಲಿ ಒಂದು ಚೌಕ ಬರೆದುಕೊಟ್ಟರೆ, ಬೆಳಗಿನ ಪ್ರಾರ್ಥನೆಯ ಗಂಟೆಗೆ ಮೊದಲೇ ಬಂದು ಆ ಚೌಕಕ್ಕೆ ಎಸೆದು ಎಸೆದು ಕಲಿತ ಮಕ್ಕಳಿದ್ದರು.

ಪಿಚರ್‌ಳಾದರೂ ನೋಡುವವರ ಕಣ್ಣಿಗೆ ಬೀಳುತ್ತಾಳೆ. ಕ್ಯಾಚರ್ ಬೀಳುವುದಿಲ್ಲ, ಮುಖ ಜಾಲರಿಯ ಹಿಂದೆ ಇರುತ್ತದೆ. ಜಗುಲಿಯ ಮೇಲೆ ಕೂತ ಅಜ್ಜಿಗೆ ಇಡೀ ಬೀದಿ ಕಾಣುವ ಹಾಗೆ ಮೈದಾನದ ಒಂಬತ್ತು ಮಂದಿಯಲ್ಲಿ ಅವಳೊಬ್ಬಳಿಗೆ ಮಾತ್ರ ಉಳಿದ ಎಂಟೂ ಮಂದಿ ಎದುರಿಗೆ ಕಾಣುತ್ತಾರೆ. ಯಾವ ಎಸೆತ ಬೇಕೆಂದು ಮೊಣಕಾಲುಗಳ ನಡುವೆ ಬೆರಳಿನಲ್ಲಿ ಸನ್ನೆ ಮಾಡುವವಳು, ಬ್ಯಾಟರ್ ಬಂಟ್ ಮಾಡುವ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟುವ) ಸುಳಿವು ಕಂಡರೆ ಮೊದಲನೆಯ ಹಾಗೂ ಮೂರನೆಯ ಬೇಸಿನವರನ್ನು ಮುಂದೆ ಕರೆಯುವವಳು, ಪಿಚರ್ ಧೈರ್ಯಗೆಟ್ಟಾಗ ಸಮಯ ಕೇಳಿ ಅವಳು ನಿಲ್ಲುವ ವೃತ್ತದವರೆಗೆ ನಡೆದುಹೋಗಿ ಎರಡು ಮಾತು ಹೇಳಿ ಬರುವವಳು ಅವಳು. ಬೇಸ್‌ನಿಂದ ಬೇಸ್‌ಗೆ ದೂರ 60 ಅಡಿ. ಎದುರಾಳಿ ಓಟಗಾರ್ತಿ ಪಿಚರ್‌ಳ ಕೈಯಿಂದ ಚೆಂಡು ಹೊರಟ ಕ್ಷಣದಿಂದ ಎರಡನೆಯ ಬೇಸ್ ಕದಿಯಲು, ಅಂದರೆ ಹೊಡೆತವಿಲ್ಲದೆಯೇ ಅದನ್ನು ತಲುಪಲು, ಓಡಬಹುದು. ಅವಳನ್ನು ತಡೆಯಬೇಕಾದರೆ ಕ್ಯಾಚರ್ ಕುಕ್ಕರುಗಾಲಿನಿಂದ ಎದ್ದು, ಹೋಮ್ ಪ್ಲೇಟಿನಿಂದ ಎರಡನೆಯ ಬೇಸಿನವರೆಗಿನ ಸುಮಾರು 85 ಅಡಿಗೆ, ಪಿಚರ್‌ಳ ತಲೆಯ ಮೇಲಿಂದ, ಬೇಸಿನ ಬುಡಕ್ಕೆ ಬೀಳುವಂತೆ ಎಸೆಯಬೇಕು. ಇದೆಲ್ಲವನ್ನೂ ಏಳು ಇನ್ನಿಂಗ್ಸ್ ಉದ್ದಕ್ಕೂ, ಪ್ರತಿ ಎಸೆತಕ್ಕೂ ಕೂತು ಎದ್ದು ಮಾಡಬೇಕು. ಆ ದಿನ ಪಂದ್ಯ ಮುಗಿದ ಮೇಲೆ ಕ್ಯಾಚರ್ ಕಾಲುಕಾಪುಗಳನ್ನು ಬಿಚ್ಚುತ್ತಿದ್ದಾಗ ನಾನು ಹತ್ತಿರ ಹೋದೆ. ಬಲ ಮೊಣಕಾಲಿನ ಪಟ್ಟಿ ಹರಿದುಹೋಗಿ, ಅದರ ಜಾಗದಲ್ಲಿ ಬೂಟಿನ ಲೇಸ್ ಕಟ್ಟಿದ್ದರು. ಲೇಸ್ ಕೊರೆದು ಮೊಣಕಾಲಿನ ಹಿಂಬದಿಯಲ್ಲಿ ರಕ್ತ ಒಸರುತ್ತಿತ್ತು. "ನೋವೇನಿಲ್ಲ ಮಿಸ್, ಅಭ್ಯಾಸ ಆಗಿದೆ" ಎಂದಳು. ಪಾಂಡವಪುರದ ಕಡೆಯ ಹಳ್ಳಿಯ ಹುಡುಗಿ. ಅಭ್ಯಾಸವಿರುವ ದಿನ ಬೆಳಗಿನ ಮೊದಲ ಬಸ್ ಹಿಡಿದು ಬರುತ್ತಾಳೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿಲ್ಲದ್ದರಿಂದ ಅಪ್ಪ ಅಭ್ಯಾಸಕ್ಕೆ ಕಳುಹಿಸಲು ಒಪ್ಪಿದರೆಂದು ಅವಳೇ ಹೇಳಿದಳು. ಆ ಯೋಜನೆಯ ಬಗ್ಗೆ ಯಾರು ಏನೇ ಹೇಳಲಿ, ನಮ್ಮ ಎರಡೂ ಜಿಲ್ಲೆಗಳ ಹೆಣ್ಣುಮಕ್ಕಳ ಕ್ರೀಡೆಗೆ ಅದರಿಂದಾದ ಉಪಕಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೂರನೆಯ ಬೇಸ್ ಕಾಯುವವಳು ಹಾಗೂ ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ಳ ಕೆಲಸ ಎಷ್ಟು ಸೂಕ್ಷ್ಮವಾದದ್ದು ಎಂಬುದಕ್ಕೆ, 2021ರ ಜುಲೈನಲ್ಲಿ ಯೊಕೊಹಾಮಾದಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಫೈನಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಜಪಾನ್ 2–0ಯಿಂದ ಮುಂದಿತ್ತು. ಆರನೆಯ ಇನ್ನಿಂಗ್ಸ್‌ನಲ್ಲಿ ಅಮೆರಿಕದ ಬ್ಯಾಟರ್ ಹೊಡೆದ ಬಿರುಸಾದ ಚೆಂಡು ಮೂರನೆಯ ಬೇಸ್‌ನಲ್ಲಿದ್ದ ಯು ಯಮಾಮೊಟೊ ಅವರ ಕೈಗೆ ಬಡಿದು ಪುಟಿಯಿತು. ಅವರ ಹಿಂದೆಯೇ ನೆರವಿಗೆ ಬಂದಿದ್ದ ಶಾರ್ಟ್‌ಸ್ಟಾಪ್ ಮಾನಾ ಅತ್ಸುಮಿ ಅದು ನೆಲಕ್ಕೆ ಬೀಳುವ ಮೊದಲೇ ಹಿಡಿದು, ಎರಡನೆಯ ಬೇಸ್‌ಗೆ ಎಸೆದು, ಬೇಸ್ ಬಿಟ್ಟು ಮುಂದೆ ಬಂದಿದ್ದ ಓಟಗಾರ್ತಿಯನ್ನೂ ಔಟ್ ಮಾಡಿಸಿದರು. ಒಂದೇ ಹೊಡೆತಕ್ಕೆ ಇಬ್ಬರು ಔಟ್. ಚೆಂಡು ತನ್ನ ಕಡೆಗೆ ಬರದಿದ್ದಾಗಲೂ ಪಕ್ಕದವಳ ಹಿಂದೆ ಹೋಗಿ ನಿಲ್ಲಬೇಕೆಂಬ ಶಿಸ್ತು ಅಲ್ಲಿ ಚಿನ್ನದ ಪದಕವನ್ನು ಕಾಪಾಡಿತು. ನಮ್ಮ ಕಾಲೇಜು ತಂಡಗಳಲ್ಲೂ ಈ ಶಿಸ್ತು ರೂಢಿಸಿಕೊಂಡವರಿದ್ದಾರೆ. ಅವರು ಮಾಡುವ ಕೆಲಸ ರನ್ನಿನ ಲೆಕ್ಕದಲ್ಲಿ ಕಾಣಿಸುವುದಿಲ್ಲ. ವರದಿಗಾರರು ಬಂದು ನೋಡಿ ಬರೆದರೆ ಮಾತ್ರ ಕಾಣಿಸುತ್ತದೆ. ಔಟ್‌ಫೀಲ್ಡ್‌ನ ಮೂವರ ವಿಷಯ ಕ್ರಿಕೆಟ್ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಜಪಾನ್ ತಂಡದ ಪ್ರಸ್ತಾಪ ಬಂದದ್ದರಿಂದ ಅದರ ಪಿಚರ್ ಯುಕಿಕೊ ಉಎನೊ ಅವರ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಅದರಲ್ಲಿ ನಮ್ಮ ಟೂರ್ನಿಗಳಿಗೆ ನೇರವಾಗಿ ಸಂಬಂಧಿಸಿದ ವಿಷಯವಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವರು ಆಗಸ್ಟ್ 20 ಮತ್ತು 21ರಂದು, ಎರಡು ದಿನಗಳಲ್ಲಿ ಮೂರು ಪಂದ್ಯಗಳನ್ನಾಡಿ 413 ಎಸೆತಗಳನ್ನು ಎಸೆದರು. ಮೊದಲ ದಿನ ಅಮೆರಿಕದ ವಿರುದ್ಧ ಸೋತು, ಅದೇ ದಿನ ಆಸ್ಟ್ರೇಲಿಯಾ ವಿರುದ್ಧ 12 ಇನ್ನಿಂಗ್ಸ್‌ವರೆಗೆ ಬೆಳೆದ ಪಂದ್ಯದಲ್ಲಿ ಗೆದ್ದು, ಮರುದಿನ ಫೈನಲ್‌ನಲ್ಲಿ ಅದೇ ಅಮೆರಿಕವನ್ನು 3–1ರಿಂದ ಸೋಲಿಸಿದರು. ಅಲ್ಲಿಯವರೆಗಿನ ಮೂರೂ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದಿದ್ದ ತಂಡವದು. ಹದಿಮೂರು ವರ್ಷಗಳ ನಂತರ, 39ನೆಯ ವಯಸ್ಸಿನಲ್ಲಿ, ಟೋಕಿಯೊ ಫೈನಲ್‌ನಲ್ಲೂ ಜಪಾನ್ ಪರ ಎಸೆತ ಆರಂಭಿಸಿದ್ದು ಅವರೇ. ಈ ಸಾಹಸಕ್ಕೆ ನಾನು ತಲೆಬಾಗುತ್ತೇನೆ. ಆದರೆ ಇದು ನಮ್ಮ ಹತ್ತೊಂಬತ್ತು ವರ್ಷದ ಹುಡುಗಿಯರಿಗೆ ಮಾದರಿಯಾಗಬಾರದು. ಕೈಯನ್ನು ಕೆಳಗಿನಿಂದ ಬೀಸುವುದರಿಂದ ಭುಜಕ್ಕೆ ಆಯಾಸವಿಲ್ಲ ಎಂಬ ನಂಬಿಕೆ ನಮ್ಮ ತರಬೇತುದಾರರಲ್ಲಿ ಇನ್ನೂ ಇದೆ, ಅದು ತಪ್ಪು. ಈ ಎಸೆತದಲ್ಲೂ ಭುಜ, ಮೊಣಕೈಗಳ ಮೇಲೆ ಬೀಳುವ ಒತ್ತಡ ದೊಡ್ಡದೇ. ನಮ್ಮಲ್ಲಿ ಟೂರ್ನಿಯನ್ನು ಎರಡು ದಿನದಲ್ಲಿ ಮುಗಿಸುವ ಆತುರದಲ್ಲಿ ಒಂದೇ ದಿನ ಎರಡು ಮೂರು ಪಂದ್ಯಗಳನ್ನು ಇಡುತ್ತಾರೆ. ತಂಡದಲ್ಲಿ ಚೆನ್ನಾಗಿ ಎಸೆಯಬಲ್ಲವಳು ಒಬ್ಬಳೇ ಇರುತ್ತಾಳೆ, ಅವಳೇ ಎಲ್ಲ ಪಂದ್ಯಗಳನ್ನೂ ಎಸೆಯುತ್ತಾಳೆ. ಪಿಚರ್‌ಳ ಹೆಸರು, ಅವಳು ಆಡಿದ ಇನ್ನಿಂಗ್ಸ್, ಎಸೆದ ಎಸೆತಗಳ ಸಂಖ್ಯೆ ಪತ್ರಿಕೆಯಲ್ಲಿ ದಿನದಿನವೂ ಅಚ್ಚಾಗುತ್ತಿದ್ದರೆ, ಒಂದೇ ಭುಜದ ಮೇಲೆ ಎಷ್ಟು ಭಾರ ಬೀಳುತ್ತಿದೆಯೆಂಬುದು ಪೋಷಕರ ಕಣ್ಣಿಗೂ ಸಂಘಟಕರ ಕಣ್ಣಿಗೂ ಬೀಳುತ್ತದೆ. ಹೆಸರು ಮುದ್ರಿಸಿ ಎಂದು ನಾನು ಕೇಳುತ್ತಿರುವುದು ಕೇವಲ ಮೆಚ್ಚುಗೆಗಾಗಿ ಅಲ್ಲ ಎಂಬುದು ಇದರಿಂದ ತಮಗೆ ತಿಳಿಯಬಹುದು.

ಮೆಚ್ಚುಗೆಯೂ ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಹಳ್ಳಿಯ ಮನೆಯಲ್ಲಿ ಮಗಳು ಸಂಜೆ ತಡವಾಗಿ, ಬಟ್ಟೆಯೆಲ್ಲ ಮಣ್ಣು ಮಾಡಿಕೊಂಡು ಬಂದಾಗ, "ಇದರಿಂದ ಏನು ಬರುತ್ತೆ?" ಎಂದು ಕೇಳುವ ಅಜ್ಜ, ಚಿಕ್ಕಪ್ಪಂದಿರು ಇರುತ್ತಾರೆ. ಡಿಗ್ರಿ ಮುಗಿಯುವ ಮೊದಲೇ ಗಂಡು ನೋಡುವ ಮಾತು ಶುರುವಾಗುತ್ತದೆ. ಅಂಥ ಮನೆಯಲ್ಲಿ ಪತ್ರಿಕೆಯ ಒಂದು ತುಣುಕು, ಅದರಲ್ಲಿ ಊರಿನ ಹೆಸರಿನ ಜೊತೆಗೆ ಮಗಳ ಹೆಸರು ಇದ್ದರೆ, ಆಟವನ್ನು ಇನ್ನೊಂದು ವರ್ಷ ಮುಂದುವರಿಸಲು ಒಪ್ಪಿಗೆ ಸಿಗುತ್ತದೆ. ಕತ್ತರಿಸಿದ ತುಣುಕಿಗೆ ಕಟ್ಟು ಹಾಕಿಸಿ, ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ ಮನೆಯೊಂದನ್ನು ಮಳವಳ್ಳಿ ತಾಲ್ಲೂಕಿನಲ್ಲಿ ನೋಡಿದ್ದೇನೆ. ಅದು ಕಬಡ್ಡಿ ಆಡುತ್ತಿದ್ದ ಹುಡುಗಿಯ ಮನೆ. ಕಬಡ್ಡಿ ಪಂದ್ಯದ ವರದಿಯಲ್ಲಿ ರೈಡರ್‌ಗಳ ಹೆಸರು ಬರೆಯುವ ರೂಢಿ ಇರುವುದರಿಂದ ಆ ಭಾಗ್ಯ ಅವಳಿಗೆ ದಕ್ಕಿತು. ಸಾಫ್ಟ್‌ಬಾಲ್ ಕೇಂದ್ರ ಸರ್ಕಾರದ ಹುದ್ದೆಗಳ ಕ್ರೀಡಾ ಕೋಟಾಕ್ಕೆ ಅರ್ಹವಾದ ಕ್ರೀಡೆಗಳ ಪಟ್ಟಿಯಲ್ಲಿದೆ ಎಂಬುದೂ ಬಹಳ ಪೋಷಕರಿಗೆ ಗೊತ್ತಿಲ್ಲ. ರಾಷ್ಟ್ರ ಮಟ್ಟದಲ್ಲಿ ರಾಜ್ಯವನ್ನೋ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ತಮ್ಮ ವಿಶ್ವವಿದ್ಯಾಲಯವನ್ನೋ ಪ್ರತಿನಿಧಿಸಿದವರಿಗೆ ಅಲ್ಲೊಂದು ದಾರಿ ಇದೆ. ಉದ್ಯೋಗಕ್ಕೆ ಬೇಕಾದ್ದು ಪ್ರಮಾಣಪತ್ರವೇ ಹೊರತು ಪತ್ರಿಕೆಯ ತುಣುಕಲ್ಲ, ನಿಜ. ಆದರೆ ಆ ಮಟ್ಟ ತಲುಪುವವರೆಗೆ ಹುಡುಗಿ ಆಟದಲ್ಲಿ ಉಳಿಯಬೇಕಲ್ಲ?

ಜನರಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಬೇಕಿಲ್ಲ, ಅವರಿಗೆ ಬೇಕಾದ್ದನ್ನು ಪತ್ರಿಕೆ ಕೊಡುತ್ತದೆ ಎಂಬ ಉತ್ತರ ಬರಬಹುದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ-ಖೊ ವಿಶ್ವಕಪ್‌ನ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದಾಗ, ಆ ಪಂದ್ಯದಲ್ಲಿ ಮಿಂಚಿದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರೆಂದು ಪತ್ರಿಕೆಗಳು ಬರೆದವು. ಮರುದಿನ ನಮ್ಮ ಬೀದಿಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಅವರ ಮಾತನ್ನೇ ಆಡುತ್ತಿದ್ದರು. ಹೆಸರು, ಊರು ಗೊತ್ತಾದ ಮೇಲೆ ಜನರಿಗೆ ಆಟದಲ್ಲೂ ಆಸಕ್ತಿ ಹುಟ್ಟಿತು. ಹೆಸರೇ ಹೇಳದೆ ಆಸಕ್ತಿ ಇಲ್ಲ ಎನ್ನುವುದು ನ್ಯಾಯವಲ್ಲ.

ಇನ್ನೂ ಒಂದು ಪ್ರಸಂಗವನ್ನು ನೆನಪಿಸಬೇಕು. 2023ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಸೇರಿಸಿದ ಸುದ್ದಿ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂತು. ಅದೇ ಅಧಿವೇಶನದ ಅದೇ ತೀರ್ಮಾನದಲ್ಲಿ ಬೇಸ್‌ಬಾಲ್, ಸಾಫ್ಟ್‌ಬಾಲ್‌ಗಳೂ ಮರಳಿ ಸೇರಿದವು. ಮಹಿಳಾ ಸಾಫ್ಟ್‌ಬಾಲ್ 1996ರಲ್ಲಿ ಒಲಿಂಪಿಕ್ಸ್‌ಗೆ ಬಂದು, 2008ರ ನಂತರ ಹೊರಬಿದ್ದು, ಟೋಕಿಯೊದಲ್ಲೊಮ್ಮೆ ಆಡಿ, ಪ್ಯಾರಿಸ್‌ನಲ್ಲಿ ಮತ್ತೆ ಇಲ್ಲವಾದ ಆಟ. ಒಂದು ಆಟವನ್ನು ಹೀಗೆ ಒಳಗೆ ಹೊರಗೆ ಮಾಡುತ್ತಿದ್ದರೆ ಅದನ್ನೇ ನೆಚ್ಚಿಕೊಂಡ ಹೆಣ್ಣುಮಕ್ಕಳ ಗತಿ ಏನಾಗಬೇಕು? ಮುಂಬೈನ ಆ ತೀರ್ಮಾನ ಅಂಥವರಿಗೆಲ್ಲ ದೊಡ್ಡ ಸುದ್ದಿ. 2028ರಲ್ಲಿ ಆರು ತಂಡಗಳು ಆಡಲಿರುವ ಈ ಪಂದ್ಯಗಳು ಲಾಸ್ ಏಂಜಲೀಸ್‌ನಲ್ಲಲ್ಲ, ಓಕ್ಲಹಾಮ ಸಿಟಿಯಲ್ಲಿ, ಸಾಫ್ಟ್‌ಬಾಲ್‌ಗೆಂದೇ ಕಟ್ಟಿದ ಕ್ರೀಡಾಂಗಣದಲ್ಲಿ ನಡೆಯಲಿವೆ. ಮೈಸೂರಿನಲ್ಲಿ ಈ ಆಟ ಆಡುವ ಹುಡುಗಿಯರಲ್ಲಿ ಹೆಚ್ಚಿನವರಿಗೆ ಇದನ್ನು ನಾನೇ ಹೇಳಬೇಕಾಯಿತು. ಅವರ ಮನೆಗೆ ಬರುವ ಯಾವ ಪತ್ರಿಕೆಯಲ್ಲೂ ಅವರು ಇದನ್ನು ಓದಿರಲಿಲ್ಲ.

ಮೈದಾನ ಹಾಗೂ ಸಲಕರಣೆಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಅದು ಪತ್ರಿಕೆಗಿಂತ ಹೆಚ್ಚಾಗಿ ಕಾಲೇಜುಗಳಿಗೆ, ವಿಶ್ವವಿದ್ಯಾಲಯಗಳಿಗೆ ಮತ್ತು ಕ್ರೀಡಾ ಇಲಾಖೆಗೆ ಸಂಬಂಧಿಸಿದ್ದು. ಮೈಸೂರು, ಮಂಡ್ಯಗಳಲ್ಲಿ ಕ್ರಿಕೆಟ್, ಫುಟ್‌ಬಾಲ್‌ಗಳಿಗೆ ಬಳಕೆಯಾಗುವ ಮೈದಾನದ ಒಂದು ಮೂಲೆಯಲ್ಲಿ ಸುಣ್ಣದ ಗೆರೆ ಎಳೆದು ಡೈಮಂಡ್, ಅಂದರೆ ಬೇಸ್‌ಗಳ ಚೌಕ, ಮಾಡಿಕೊಳ್ಳುವುದೇ ರೂಢಿ. ಬೇಸಿನ ಸುತ್ತ ಕಲ್ಲು, ಗಟ್ಟಿ ನೆಲ. ಜಾರಿ ಬೇಸ್ ಮುಟ್ಟಬೇಕಾದ ಹುಡುಗಿಯರ ತೊಡೆ, ಮೊಣಕೈ ತರಚುತ್ತವೆ. ಇದನ್ನೆಲ್ಲ ಸರಿಪಡಿಸಲು ಕಾಲ ಹಿಡಿಯಬಹುದು, ಒಪ್ಪೋಣ. ಆದರೆ ಕ್ಯಾಚರ್‌ಳ ಮುಖಕಾಪು, ಗಂಟಲುಕಾಪು, ಎದೆಕಾಪು, ಕಾಲುಕಾಪು ಹಾಗೂ ಬ್ಯಾಟರ್‌ಳ ಹೆಲ್ಮೆಟ್ ವಿಷಯದಲ್ಲಿ ಕಾಯುವಂತಿಲ್ಲ. ಎರಡು ತಂಡಗಳ ನಡುವೆ ಒಂದೇ ಕ್ಯಾಚರ್ ಸೆಟ್ ಇದ್ದು, ಇನ್ನಿಂಗ್ಸ್ ಬದಲಾದಾಗಲೆಲ್ಲ ಒಬ್ಬಳು ಬಿಚ್ಚಿ ಇನ್ನೊಬ್ಬಳಿಗೆ ಕೊಡುವುದನ್ನು ನಾನು ನೋಡಿದ್ದೇನೆ. ಒಬ್ಬಳ ಅಳತೆಗೆ ಬಿಗಿದ ಜಾಲರಿ ಇನ್ನೊಬ್ಬಳ ಮುಖಕ್ಕೆ ಸಡಿಲವಾಗುತ್ತದೆ. 43 ಅಡಿ ದೂರದಿಂದ ಬರುವ ಚೆಂಡಿನ ಮುಂದೆ ಸಡಿಲವಾದ ಮುಖಕಾಪು ಇಟ್ಟುಕೊಂಡು ಹೆಣ್ಣುಮಗಳೊಬ್ಬಳನ್ನು ಕೂರಿಸುವುದು ತಪ್ಪು. ಪ್ರತಿ ತಂಡಕ್ಕೂ ಅದರದೇ ಆದ ಪೂರ್ಣ ಸೆಟ್ ಇಲ್ಲದಿದ್ದರೆ ಪಂದ್ಯವನ್ನೇ ಆರಂಭಿಸಬಾರದು. ಅಂಪೈರ್‌ಗಳಿಗೆ ಆ ಧೈರ್ಯ ಬರಬೇಕಾದರೂ ಪಂದ್ಯದ ಪಕ್ಕದಲ್ಲಿ ಒಬ್ಬ ವರದಿಗಾರರು ಕೂತಿದ್ದರೆ ಬಹಳ ಸಹಾಯವಾಗುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಸಾಫ್ಟ್‌ಬಾಲ್ ಪಂದ್ಯದ ಸುದ್ದಿಗೆ ಇನ್ನೂ ನಾಲ್ಕು ಸಾಲು ಹೆಚ್ಚು ಜಾಗ ಕೊಡಿ. ಅದರಲ್ಲಿ ಎರಡೂ ತಂಡಗಳ ಪಿಚರ್ ಮತ್ತು ಕ್ಯಾಚರ್ ಹೆಸರು, ಪಿಚರ್ ಎಸೆದ ಇನ್ನಿಂಗ್ಸ್ ಹಾಗೂ ಪಡೆದ ಸ್ಟ್ರೈಕ್‌ಔಟ್, ರನ್ ಗಳಿಸಿದವರು, ಪಂದ್ಯದ ದಿಕ್ಕು ಬದಲಿಸಿದ ಫೀಲ್ಡಿಂಗ್ ಒಂದಿದ್ದರೆ ಅದನ್ನು ಮಾಡಿದವರು, ಇಷ್ಟು ಬರಲಿ. ಸೋತ ತಂಡದವರ ಹೆಸರನ್ನೂ ಬಿಡಬೇಡಿ. ಈ ಫೈನಲ್‌ನಲ್ಲಿ ಸೋತ ತಂಡದ ಪಿಚರ್ ಏಳೂ ಇನ್ನಿಂಗ್ಸ್ ಎಸೆದು ಎರಡೇ ರನ್ ಕೊಟ್ಟವಳು, ಅವಳ ಆಟ ಗೆದ್ದವಳ ಆಟಕ್ಕಿಂತ ಕಡಿಮೆಯದಾಗಿರಲಿಲ್ಲ. ಚಿತ್ರ ತೆಗೆಯುವಾಗ ಛಾಯಾಗ್ರಾಹಕರು ಆಟಗಾರ್ತಿಯರನ್ನು ಮುಂದಿನ ಸಾಲಿಗೆ ಕರೆದರೆ ಅತಿಥಿಗಳು ಬೇಸರ ಮಾಡಿಕೊಳ್ಳಲಾರರು. ಹಾಗೆ ಕರೆಯಲು ಅತಿಥಿಗಳೇ ಮುಂದಾದರೆ ಇನ್ನೂ ಒಳ್ಳೆಯದು.

ಇದಕ್ಕೆ ಬೇಕಾದ ಮಾಹಿತಿಯನ್ನು ಹುಡುಕುತ್ತ ನಿಮ್ಮ ವರದಿಗಾರರು ಅಲೆಯಬೇಕಾಗಿಲ್ಲ. ಪಂದ್ಯ ಮುಗಿದ ಹತ್ತು ನಿಮಿಷದಲ್ಲಿ ಸ್ಕೋರ್ ಪುಸ್ತಕದ ಪುಟ ಸಿದ್ಧವಾಗಿರುತ್ತದೆ, ಅದರ ಚಿತ್ರ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಲು ಈ ಭಾಗದ ಸ್ಕೋರರ್‌ಗಳು ಸಂತೋಷದಿಂದ ಒಪ್ಪುತ್ತಾರೆ, ನಾನಂತೂ ಒಪ್ಪಿದ್ದೇನೆ. ಗುರುತುಗಳನ್ನು ಓದುವುದು ಹೇಗೆಂದು ನಿಮ್ಮ ಕ್ರೀಡಾ ವಿಭಾಗದವರಿಗೆ ಹೇಳಿಕೊಡಲು ಒಂದು ಮಧ್ಯಾಹ್ನ ಸಾಕು; ಕರೆದರೆ ಕಚೇರಿಗೆ ಬರುತ್ತೇನೆ. ಕಳೆದ ವಾರದ ಫೈನಲ್‌ನ ಪುಟದ ಪ್ರತಿಯನ್ನು, ಎರಡೂ ತಂಡಗಳ ಆಟಗಾರ್ತಿಯರ ಹೆಸರು ಹಾಗೂ ಊರುಗಳ ಪಟ್ಟಿಯೊಂದಿಗೆ, ಆಯಾ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರ ಒಪ್ಪಿಗೆ ಪಡೆದು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಸುದ್ದಿ ಹಳೆಯದಾಯಿತೆನ್ನದೆ, ಈ ವಾರದ ಕ್ರೀಡಾಪುಟದಲ್ಲಿ ಅದನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ
ಸರಸ್ವತಿಪುರಂ, ಮೈಸೂರು